ಓಟಿಲ್ಲದವರ ಗೋವಾ

ಅಮೀರಬಿ: ಬಿಪಿ ಗುಳಗಿ ಚೀಲದ ಎಡಗಡಿ ಕಿಸೆದಾಗ ಅದಾವ ಅಂತ ಎಷ್ಟು ಸಲ ಹೇಳ್ಲಿ? ಎಡಗಡಿ ಅಂದ್ರ ನೀವು ಉಣ್ಣದ ಕೈ.

ಯೂಸುಫಸಾಬ: ಅಲ್ಲಿ ಹಲ್ಲುಪುಡಿ ಐತಿ.

ಅಮೀರಬಿ: ಹಂಗಾರ ಚೀಲ ತಿರುಗಾಮುರುಗಾ ಹಿಡದೀರಿ.

ಯೂಸುಫಸಾಬ: ಇಡೋ ಮುಂದ ಮ್ಯಾಲೊಂದು ಚೀಟಿ ಬರದು ಹಚ್ಚಬೇಕಿಲ್ಲೇನು? ದೊಡ್ಡ ದೊಡ್ಡ ಮಂದಿ ಮುಂದ ನಾ ಚೀಲ ಬಗ್ಗಿಸಿ ಹುಡಕ್ಕೋಂತ ಕುಂತರ ಮರ್ಯಾದಿ ಉಳೀತೈತೇನು?

ಅಮೀರಬಿ: ಮೂವತ್ತು ವರ್ಷದಾಗ ಒಮ್ಮೆರ ನಿಮ್ಮ ಚೀಲ ನೀವು ತುಂಬಿಕೊಂಡಿದ್ರ ಚೀಟಿ ಬೇಕಾಗಿದ್ದಿಲ್ಲ.

ಬ್ಯಾಡಗಿಯ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ತನ್ನ ಮನೆಯ ಅಂಗಳದಲ್ಲಿ, ಅಮೀರಬಿ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡು ಕೂತಿದ್ದಳು. ಎರಡೂ ಕೈ ಮೆಣಸಿನಕಾಯಿಯ ರಾಶಿಯಲ್ಲಿದ್ದವು. ದಲ್ಲಾಳಿ ಅಂಗಡಿಯಿಂದ ಬಂದ ಎರಡು ಚೀಲ ಕಾಯಿಯ ತೊಟ್ಟು ಬಿಡಿಸಿ ಸಂಜೆಯೊಳಗೆ ವಾಪಸು ಕಳಿಸಬೇಕು. ಇದು ಅವಳ ಹೊಟ್ಟೆಪಾಡಿನ ಕೆಲಸ. ಇನ್ನೊಂದು ಕೆಲಸವೂ ಇತ್ತು. ಅವಳು ಊರಿನ ಪುರಸಭೆಯ ಮೆಂಬರು.

ಫೋನಿನ ಆ ಕಡೆ ಇದ್ದವನು ಗಂಡ ಯೂಸುಫಸಾಬ. ಮಾರುಕಟ್ಟೆಯಲ್ಲಿ ತೂಕ ಮಾಡಿ ಮಾಡಿ ನಿವೃತ್ತನಾದವನು. ಯಾವ ಚೀಲವನ್ನು ತೋರಿಸಿದರೂ ಇಷ್ಟೇ ಕಿಲೋ ಎಂದು ಕಣ್ಣಳತೆಯಲ್ಲಿ ಹೇಳಿಬಿಡುತ್ತಿದ್ದ. ಸ್ವಂತ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿದರೆ ಮಾತ್ರ ಆಕಾಶ ನೋಡುತ್ತಿದ್ದ. ಸೋಮವಾರ ಮಧ್ಯಾಹ್ನದಿಂದ ಅವನು ಗೋವಾದಲ್ಲಿದ್ದ.

ಗೋವಾಕ್ಕೆ ಹೋಗಲು ಕಾರಣ ಇತ್ತು. ಬರುವ ಸೋಮವಾರ ಪುರಸಭೆಯ ಅಧ್ಯಕ್ಷರ ಆಯ್ಕೆ. ಈ ಸಲ ಕುರ್ಚಿ ಮಹಿಳೆಗೆ ಮೀಸಲು. ಅವರ ಪಕ್ಷದ ಮೆಂಬರುಗಳು ಹದಿಮೂರು, ಬಹುಮತಕ್ಕೆ ಸಾಕು. ಅವರಲ್ಲಿ ಹೆಂಗಸರು ಒಂಬತ್ತು. ಎದುರು ಪಕ್ಷದವರು ಬಂದು ಮೆಂಬರುಗಳನ್ನು ಹಾರಿಸಿಕೊಂಡು ಹೋದರೆ ಗತಿಯೇನು ಎಂದು ಪಕ್ಷದ ಊರಿನ ಮುಖಂಡ ಕರಬಸಪ್ಪ ಎರಡು ಗಾಡಿ ಮಾಡಿ ಎಲ್ಲರನ್ನೂ ರಿಸಾರ್ಟಿಗೆ ಸಾಗಿಸಿದ್ದ. ಗಾಡಿ ಬಿಡುವ ಮುಂಚೆ ತಲೆ ಎಣಿಸಿದ. ಹದಿಮೂರು ಸರಿಯಾಗಿ ಬಂತು. ನಾಲ್ಕು ಜನ ಗಂಡಸು ಮೆಂಬರುಗಳು, ಮತ್ತು ಒಂಬತ್ತು ಹೆಣ್ಣು ಮೆಂಬರುಗಳ ಗಂಡಂದಿರು. ಲೆಕ್ಕದ ಬಗ್ಗೆ ಕರಬಸಪ್ಪನಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

ಹೆಣ್ಣು ಮೆಂಬರುಗಳು ಮನೆಯಲ್ಲೇ ಉಳಿದರು. ಹಾಲಿನವನು ಬರುತ್ತಾನೆ, ಎಮ್ಮೆಗೆ ಮೇವು ಹಾಕಬೇಕು, ಮಕ್ಕಳ ಪರೀಕ್ಷೆ ಇದೆ. ಯಾರಾದರೂ ಇರಬೇಕಲ್ಲ.

ಯೂಸುಫಸಾಬ: ಸಿಕ್ತು, ಗುಳಗಿ ಸಿಕ್ತು. ಅಮೀರಾ, ಇಲ್ಲಿ ನೀರು ಅಂದ್ರ ನೀರು! ಒಂದು ದೊಡ್ಡ ಹೊಂಡ ಕಟ್ಟಿಸ್ಯಾರ, ನೀಲಿ ಬಣ್ಣದ್ದು. ಹನುಮಪ್ಪ, ಮುನಾಫ, ಎಲ್ಲಾರೂ ಮುಂಜಾನಿಂದ ಕಾಲು ಇಳಿಬಿಟ್ಟು ಕುಂತಾರ.

ಅಮೀರಬಿ: ಸಮುದ್ರ ಬಿಟ್ಟು ಹೊಂಡದಾಗ ಯಾಕ ಕುಂತಾರ?

ಯೂಸುಫಸಾಬ: ಸಮುದ್ರ... ಸಮುದ್ರ ಉಪ್ಪು ಇರತೈತಿ.

ಆಗ ಫೋನಿನೊಳಗಿಂದ ಬಸ್ಸಿನ ಹಾರ್ನು ಕೇಳಿಸಿತು. ಅದರ ಬೆನ್ನಿಗೇ ಕಂಡಕ್ಟರನ ಗಂಟಲು, 'ರಾಣೇಬೆನ್ನೂರ, ರಾಣೇಬೆನ್ನೂರ, ಲಗೂ ಹತ್ರೀ!'

ಅಮೀರಬಿ: ಗೋವಾದಾಗ ರಾಣೇಬೆನ್ನೂರ ಬಸ್ಸು ಓಡತಾವೇನ್ರಿ?

ಯೂಸುಫಸಾಬ: ಈಗ ಎಲ್ಲಾ ಕಡೆ ಬಸ್ಸು ಬಿಟ್ಟಾರ.

ಅಮೀರಬಿ: ಖರೇ ಹೇಳ್ರಿ. ಎಲ್ಲಿ ಅದೀರಿ?

ಯೂಸುಫಸಾಬ: (ದನಿ ಇಳಿಸಿ) ಐರಣಿ.

ಅಮೀರಬಿ: ಐರಣಿ? ಮುಂಜಾನೆ ಹೋಗಿ ಮಧ್ಯಾಹ್ನ ಊಟಕ್ಕ ಬರಬಹುದು!

ಯೂಸುಫಸಾಬ: ಮೆಲ್ಲಗ ಮಾತಾಡು. ಹೊಳಿ ದಂಡಿಗೆ ಮುನಾಫನ ಗೆಳ್ಯಾಂದು ತೋಟದ ಮನಿ ಐತಿ. ಎದುರು ಪಕ್ಷದವರು ಕೇಳಿದ್ರ ಗೋವಾ ಅನ್ನಬೇಕಂತ ಕರಬಸಪ್ಪ ತಾಕೀತು ಮಾಡ್ಯಾನ. ಎಲ್ಲಾರ ಫೋನೂ ಕಸಗೊಂಡು ಬೀಗ ಹಾಕ್ಯಾನ. ಟವರ್ ನೋಡಿ ಹುಡಕ್ಯಾರು ಅಂತ ತನ್ನ ಫೋನೂ ಬಂದ್ ಮಾಡಿಕೊಂಡಾನ. ಇದು ಅಡಿಗಿ ಅಲ್ಲಾಬಕ್ಷನ ಫೋನು. ಅಡಿಗಿಯವನ್ನ ಯಾರು ಲೆಕ್ಕಕ್ಕ ಹಿಡೀತಾರ?

ಅಮೀರಬಿ: ಅದು ಖರೇ. ಅಡಿಗಿ ಮಾಡೋರನ್ನ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ.

ಯೂಸುಫಸಾಬ: ಇರಲಿ, ರಾಜಕೀಯ ಕೇಳು. ಶನಿವಾರ ಮೇಲಿನಿಂದ ವೀಕ್ಷಕರು ಬರತಾರ. ಅವರ ಮುಂದ ನಮ್ಮ ಪಕ್ಷದ ಹೆಸರು ಯಾವುದು ಅಂತ ಚೀಟಿ ಹಾಕಬೇಕು. ಹನುಮಪ್ಪನ ಕಡೆ ಆರು ಓಟು, ಮುನಾಫನ ಕಡೆ ಆರು ಓಟು. ಉಳದದ್ದು ನಂದು ಒಂದ. ಇಬ್ಬರೂ ನನ್ನ ತಾಟಿಗೆ ಮೀನು ಹಾಕಾಕ ಜಗಳ ಆಡಾಕತ್ತಾರ!

ಅಮೀರಬಿ: ಹನುಮಪ್ಪ ಹೆಂಗ ನಿಂದರತಾನ? ಕುರ್ಚಿ ಹೆಂಗಸರದು.

ಯೂಸುಫಸಾಬ: ಹನುಮಪ್ಪ ಅಂದ್ರ ಅವನ ಹೇಣ್ತಿ ಮಂಗಳವ್ವ. ಮುನಾಫ ಅಂದ್ರ ನಸ್ರೀನ್. ಒಂದ ಅಲ್ಲೇನು?

ಅಮೀರಬಿ: ಮತ್ತ 'ನಂದು ಒಂದು ಓಟು' ಅಂದ್ರೆಲ್ಲ?

ಯೂಸುಫಸಾಬ: ನಂದು ಅಂದ್ರ ನಿಂದು. ಒಂದ ಅಲ್ಲೇನು?

ಅಮೀರಬಿ ಒಂದು ಕಾಯಿಯ ತೊಟ್ಟನ್ನು ಟಕ್ಕೆಂದು ಮುರಿದಳು. ಮುಂದಿನ ಮಾತನ್ನು ಸಹಜವೆಂಬಂತೆ ಕೇಳಬೇಕೆಂದು ಎರಡು ದಿನದಿಂದ ಬಾಯಲ್ಲೇ ಇಟ್ಟುಕೊಂಡಿದ್ದಳು. ಅದು ಸಹಜವಾಗಿ ಬರಲಿಲ್ಲ.

ಅಮೀರಬಿ: ಅಲ್ರೀ... ನನ್ನ ಹೆಸರು ಯಾರರ ತಗದಾರೇನು?

ಯೂಸುಫಸಾಬ: ಎದಕ್ಕ?

ಅಮೀರಬಿ: ಅಧ್ಯಕ್ಷರ ಕುರ್ಚಿಗೆ.

ಯೂಸುಫಸಾಬ ಮೊದಲು 'ಆಂ?' ಎಂದ. ಆಮೇಲೆ ನಕ್ಕ. ಆಮೇಲೆ ಫೋನು ದೂರ ಹಿಡಿದು ಯಾರಿಗೋ ಹೇಳಿದ. ಆಮೇಲೆ ಹೊಂಡದ ಸುತ್ತ ಕೂತ ಹನ್ನೆರಡೂ ಮಂದಿ ನಕ್ಕದ್ದು ಬ್ಯಾಡಗಿಯ ಅಂಗಳಕ್ಕೆ ಕೇಳಿಸಿತು.

ಯೂಸುಫಸಾಬ: ಬರೇ ಆರು ಓಟಿನ ಅಂತರದಾಗ ಗೆದ್ದಾಕಿ ನೀ. ಆ ವಾರ್ಡಿಗೆ ಬ್ಯಾರೆ ಯಾರೂ ಸಿಗಲಿಲ್ಲ ಅಂತ ಟಿಕೆಟ್ ಕೊಟ್ಟಾರ. ಸುಮ್ಮನ ನಗಸಬ್ಯಾಡ.

ಅಮೀರಬಿ: ಆತು, ನಗಸೂದಿಲ್ಲ. ಹಂಗಾರ ಒಂದು ಕೇಳ್ರಿ. ಹನುಮಪ್ಪ ಆಗಲಿ, ಮುನಾಫ ಆಗಲಿ, ನೀರು ಯಾವತ್ತು ಎಷ್ಟೊತ್ತಿಗೆ ಬಿಡತೇವಿ ಅಂತ ಹಿಂದಿನ ದಿನ ಹೇಳಿಸ್ತಾರೇನು?

ಯೂಸುಫಸಾಬ: ಮತ್ತ ಅದ ನೀರಿನ ಕತಿ! ನೀರು ಬಂದಾಗ ಬರತೈತಿ. ನೀವು ಮನ್ಯಾಗ ಇರತೀರಲ್ಲ, ಹಿಡೀರಿ. ಇದಕ್ಕೂ ಠರಾವು ಬೇಕೇನು?

ಈ ಉತ್ತರ ಅಮೀರಬಿಗೆ ಹೊಸದಲ್ಲ. ಪುರಸಭೆಯ ಹದಿನಾಲ್ಕು ಸಭೆಗಳಲ್ಲಿ ಹದಿನಾಲ್ಕು ಸಲ ಇದೇ ಪ್ರಶ್ನೆ ಎತ್ತಿ, ನಿರ್ಣಯ ಮಾಡಿರೆಂದು ಕೇಳಿ ಇದೇ ಉತ್ತರ ಪಡೆದಿದ್ದಳು. ಅವರ ಓಣಿಗೆ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ, ಒಮ್ಮೊಮ್ಮೆ ಹತ್ತು ದಿನಕ್ಕೆ. ಬೆಳಗ್ಗೆ ಆರಕ್ಕೂ ಬಂದೀತು, ಮಧ್ಯಾಹ್ನ ಮೂರಕ್ಕೂ ಬಂದೀತು. ಇವತ್ತು ಬರಬಹುದು ಎಂಬ ದಿನ ಪ್ರತಿ ಮನೆಯಿಂದ ಒಬ್ಬ ಹೆಂಗಸು ಮಾರುಕಟ್ಟೆಗೆ ಹೋಗದೆ ನಳದ ಮುಂದೆ ಕೊಡ ಇಟ್ಟುಕೊಂಡು ಕೂರಬೇಕು. ನೀರು ಬರದಿದ್ದರೆ ನಾಳೆಯೂ ಕೂರಬೇಕು. ಎರಡೂ ದಿನದ ಕೂಲಿ ಹೋಯಿತು. ಪಕ್ಕದ ಮನೆಯ ಕುಲ್ಸುಮಬಿಯನ್ನು ಇದೇ ಕಾರಣಕ್ಕೆ ದಲ್ಲಾಳಿ ಕೆಲಸದಿಂದ ತೆಗೆದಿದ್ದ. ಹಿಂದಿನ ದಿನ ಒಂದು ಮಾತು ಹೇಳಿದರೆ ಸಾಕಿತ್ತು. ಆ ಮಾತು ಹೇಳಿಸುವ ಅಧಿಕಾರ ಇರುವುದು ಆ ಕುರ್ಚಿಗೆ. ಅಮೀರಬಿಗೆ ಆ ಕುರ್ಚಿ ಬೇಕಾಗಿತ್ತು. ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಇವತ್ತೇ ಮೊದಲು. ಕೇಳಿದ್ದಕ್ಕೆ ಹನ್ನೆರಡು ಮಂದಿಯ ನಗೆ ಸಿಕ್ಕಿತ್ತು.

ಹದಿನಾಲ್ಕು ಸಭೆಗೂ ಅವಳೇ ಹೋಗಿದ್ದು ಹೇಗೆ ಎಂದು ಯಾರಾದರೂ ಕೇಳಬಹುದು. ಉಳಿದ ಎಂಟು ಹೆಣ್ಣು ಮೆಂಬರುಗಳ ಗಂಡಂದಿರು ತಾವೇ ಸಭೆಗೆ ಹೋಗಿ ಕೂರುತ್ತಿದ್ದರು. ಆದರೆ ಸಭೆ ನಡೆಯುವುದು ಮಧ್ಯಾಹ್ನ ಎರಡೂವರೆಗೆ, ಮತ್ತು ಅದು ಯೂಸುಫಸಾಬನ ನಿದ್ದೆಯ ಹೊತ್ತು. 'ನೀನ ಹೋಗಿ ಬಾ' ಎಂದು ಅವನು ಮಗ್ಗುಲು ಬದಲಿಸುತ್ತಿದ್ದ. ಗಂಡನ ನಿದ್ದೆಯ ಪುಣ್ಯದಿಂದ ಊರಿನ ಯಾವ ವಾಲ್ವು ತಿರುಗಿಸಿದರೆ ಯಾವ ಓಣಿಗೆ ನೀರು ಹೋಗುತ್ತದೆ ಎಂಬುದು ಅಮೀರಬಿಗೆ ಬಾಯಿಪಾಠವಾಗಿತ್ತು.

ಫೋನು ಇಟ್ಟು ಹತ್ತು ನಿಮಿಷ ಆಗಿರಲಿಲ್ಲ, ಬಾಗಿಲಲ್ಲಿ ಮಂಗಳವ್ವ ನಿಂತಿದ್ದಳು. ಕೋಲ್ಡ್ ಸ್ಟೋರೇಜಿನ ಪಾಲುದಾರ ಹನುಮಪ್ಪನ ಹೆಂಡತಿ. ಕೈಯಲ್ಲಿ ಸವಣೂರ ಖಾರ ಎಂಬ ಕುರುಕಲು ತಿಂಡಿಯ ಪೊಟ್ಟಣ.

ಅಮೀರಬಿ: ಬರ್ರಿ ಮಂಗಳಕ್ಕಾ, ಕುಂದರ್ರಿ. ಘಾಟು ಐತಿ, ಸೆರಗು ಮೂಗಿಗೆ ಹಿಡಕೊಳ್ರಿ.

ಮಂಗಳವ್ವ: ಇರಲೇಳ. ನಾ ಹುಟ್ಟಿದ್ದ ಈ ಘಾಟಿನಾಗ. (ಕೂತಳು. ಕೂತವಳ ಕೈ ತಾನಾಗಿಯೇ ರಾಶಿಗೆ ಹೋಗಿ ತೊಟ್ಟು ಮುರಿಯತೊಡಗಿತು.) ನಮ್ಮ ಮನಿಯವರು ಅಲ್ಲಾಬಕ್ಷನ ಫೋನಿನಾಗ ಹೇಳಿಕಳಿಸ್ಯಾರ. ನಿನಗ ಮೂರು ಮಾತು ಹೇಳಬೇಕಂತ.

ಅಮೀರಬಿ: ಹೇಳ್ರಿ.

ಮಂಗಳವ್ವ: ಒಂದನೇದು, ನಿನ್ನ ಓಟು ನನಗ ಹಾಕಬೇಕು. ಎರಡನೇದು... ಎರಡನೇದು ಮರತೆ. ಮೂರನೇದು ಈ ಪೊಟ್ಟಣ.

ಅಮೀರಬಿ: ಎರಡನೇದು ವಿಕಾಸ ಇರಬೇಕು.

ಮಂಗಳವ್ವ: ಹೌದ ನೋಡ, ವಿಕಾಸ! ಅಮೀರಬಿ, ಒಂದು ಕೇಳತೇನಿ, ನಗಬ್ಯಾಡ. ಅಧ್ಯಕ್ಷರು ಅಂದ್ರ ಏನು ಮಾಡಬೇಕಾಗತೈತಿ?

ಅಮೀರಬಿ: ಕುರ್ಚಿ ಮ್ಯಾಲೆ ಕುಂದರಬೇಕು.

ಮಂಗಳವ್ವ: ಅಲ್ಲಿ ನಮ್ಮ ಮನಿಯವರು ಕುಂದರತಾರಂತ.

ಅಮೀರಬಿ: ಸಹಿ ಮಾಡಬೇಕು.

ಮಂಗಳವ್ವ: ಅದು ಮನಿಗೆ ಬರತೈತಂತ, ರೊಟ್ಟಿ ಬಡಿಯೋ ಮುಂದ ಕೈ ತೊಳಕೊಂಡು ಮಾಡಿದ್ರ ಸಾಕಂತ.

ಅಮೀರಬಿ: ಮತ್ತ ನೀವು ಕೇಳಾಕತ್ತಿದ್ದು ಏನು?

ಮಂಗಳವ್ವ: ಮಂದಿ ಎಷ್ಟು ಬರತಾರ?

ಅಮೀರಬಿ: ಆಂ?

ಮಂಗಳವ್ವ: ಮನಿಗೆ, ಮನಿಗೆ! ಈಗ ಬರೇ ಮೆಂಬರಿದ್ದಾಗ ದಿನಾ ಇಪ್ಪತ್ತು ಚಾ. ಊಟದ ಹೊತ್ತಿಗೆ ನಾಕು ಮಂದಿ ಇದ್ದ ಇರತಾರ. ಅಧ್ಯಕ್ಷರಾದ್ರ?

ಅಮೀರಬಿ: ಹಿಂದಿನ ಅಧ್ಯಕ್ಷರ ಮನ್ಯಾಗ ಮೂರು ಚಾದ ಕಿಟ್ಲಿ ಇದ್ದೂವು. ಒಂದೂ ಒಲಿ ಮ್ಯಾಲಿಂದ ಇಳೀತಿದ್ದಿಲ್ಲ.

ಮಂಗಳವ್ವನ ಕೈ ನಿಂತಿತು. ಅವಳಿಗೆ ಮಂಡಿನೋವು. ಡಾಕ್ಟರು ಹೆಚ್ಚು ಹೊತ್ತು ನಿಲ್ಲಬೇಡಿ ಎಂದಿದ್ದರು. ಎಲ್ಲಿ ನಿಲ್ಲಬಾರದು ಎಂದು ಡಾಕ್ಟರೂ ಹೇಳಿರಲಿಲ್ಲ, ಹನುಮಪ್ಪನೂ ಕೇಳಿರಲಿಲ್ಲ.

ಮಂಗಳವ್ವ: ನಿನ್ನೆ ಮಧ್ಯಾಹ್ನದಿಂದ ನಮ್ಮ ಮನ್ಯಾಗ ಒಬ್ಬರೂ ಚಾ ಕೇಳಿಲ್ಲ. ಇವತ್ತು ಮುಂಜಾನೆ ಎಂಟಕ್ಕ ಎಲ್ಲಾ ಕೆಲಸ ಮುಗದು ಕುಂತೆ ನೋಡ, ಏನೋ ಮರತೇನಿ ಅಂತ ಅನಸಾಕ ಹತ್ತಿತು.

ಅಮೀರಬಿ: ನನಗೂ ಹಂಗ ಆಗೈತಿ.

ಮಂಗಳವ್ವ: ಅಲ್ಲ, ನೀನ ಸಭಾಕ್ಕ ಹೋಗತೀಯಂತಲ್ಲ, ಅಲ್ಲಿ ಏನು ಮಾತಾಡತಾರ?

ಅಮೀರಬಿ: ನಾ ನೀರಿನ ಹೊತ್ತು ಕೇಳತೇನಿ. ನಿಮ್ಮ ಮನಿಯವರು ನಗತಾರ.

ಮಂಗಳವ್ವ: ಅವರು ಯಾಕ ನಗತಾರ? ಅವರು ಎಂದರ ಒಂದು ಕೊಡ ಎತ್ಯಾರೇನು?

ಅಮೀರಬಿ: ನಿಮಗೇನು ಬಿಡ್ರಿ, ನಿಮ್ಮ ಹಿತ್ತಲದಾಗ ಬೋರ್ ಐತಿ.

ಮಂಗಳವ್ವ: ಬೋರಿನ ನೀರಿಗೆ ಬ್ಯಾಳಿ ಬೇಯೂದಿಲ್ಲ ಅಮೀರಬಿ! ಎರಡು ತಾಸು ಕುದಿಸಿದ್ರೂ ಕಲ್ಲು. ಬ್ಯಾಳಿಗೆ ಹೊಳಿ ನೀರ ಬೇಕು. ನಾನೂ ನಳಾ ಕಾಯತೇನಿ. ಮನ್ನೆ ನಮ್ಮ ತಂಗಿ ಮಗಳು ಬಸರಿ, ಕುಬಸದ ಕಾರ್ಯ ಇತ್ತು, ನಾ ಹೋಗಲಿಲ್ಲ. ಯಾಕ? ಇವತ್ತು ನೀರು ಬರಬಹುದು ಅಂತ. ಬಂತೇನು? ಇಲ್ಲ!

ಅವಳು ಪೊಟ್ಟಣ ಒಡೆದು ತಾನೊಂದು ಹಿಡಿ ಖಾರ ಬಾಯಿಗೆ ಹಾಕಿಕೊಂಡಳು. ಅಮೀರಬಿಗೂ ಒಂದು ಹಿಡಿ ಕೊಟ್ಟಳು. ಲಂಚವನ್ನು ಕೊಟ್ಟವರೂ ತೆಗೆದುಕೊಂಡವರೂ ಸಮನಾಗಿ ತಿಂದರು.

ಮಂಗಳವ್ವ: ನೀ ಅಧ್ಯಕ್ಷರಾದ್ರ ನಿಮ್ಮ ಮನ್ಯಾಗ ಕುರ್ಚಿ ಮ್ಯಾಲೆ ಯಾರು ಕುಂದರತಾರ?

ಅಮೀರಬಿ: ನಾನ ಕುಂದರಬೇಕು. ಅವರು ಮಲಗಿರತಾರ.

ಮಂಗಳವ್ವ: ಮನಿಗೆ ಮಂದಿ ಬಂದ್ರ?

ಅಮೀರಬಿ: ಪುರಸಭಿಗೆ ಬರ್ರಿ ಅಂತೇನಿ. ಅಲ್ಲಿ ಚಾ ಮಾಡೋರು ಅದಾರ, ಪಗಾರ ಐತಿ ಅವರಿಗೆ.

ಮಂಗಳವ್ವ: (ಸೆರಗು ಕೊಡವಿ ಎದ್ದು) ನಸ್ರೀನಳ ಮನಿಗೆ ಹೋಗಿ ಬರತೇನಿ.

ಅಮೀರಬಿ: ಆಕಿ ಓಟು ಕೇಳಾಕೇನು? ಆಕಿ ನಿಮ್ಮ ಎದುರಿಗೆ ನಿಂತಾಕಿ.

ಮಂಗಳವ್ವ: ನನಗಲ್ಲ ತಂಗಿ, ನಿನಗ! ಮುನಾಫ ಗೆದ್ದ ದಿನ ಮುನ್ನೂರು ಮಂದಿಗೆ ಬಿರಿಯಾನಿ ಅಂದಾನಂತ. ಉಳ್ಳಾಗಡ್ಡಿ ಹೆಚ್ಚೋರು ಯಾರು ಅಂತ ಆಕಿ ಅಳಕೋಂತ ಕುಂತಾಳ.

ಮರುದಿನ ಬುಧವಾರ, ಅದೇ ಹೊತ್ತಿಗೆ ಅಲ್ಲಾಬಕ್ಷನ ಫೋನು ಮತ್ತೆ ಬಂತು.

ಯೂಸುಫಸಾಬ: ಅಮೀರಾ, ಇನ್ನೂ ಆರು ಆರರ ಐತಿ. ನನ್ನ ಬೆಲಿ ಏರಾಕತ್ತೈತಿ! ನಿನ್ನೆ ಮೀನು, ಇವತ್ತು ಕೋಳಿ. ಹನುಮಪ್ಪ ನನಗ ಸ್ಥಾಯಿ ಸಮಿತಿ ಅಧ್ಯಕ್ಷನ ಮಾಡತೇನಿ ಅಂದಾನ.

ಅಮೀರಬಿ: ನಿಮಗ?

ಯೂಸುಫಸಾಬ: ನಿನಗ. ಒಂದ ಅಲ್ಲೇನು? ನೀ ಏನು ಮಾಡಾಕತ್ತಿ?

ಅಮೀರಬಿ: ಮೆಣಸಿನಕಾಯಿ ಬಿಡಸಾಕತ್ತೇವಿ.

ಯೂಸುಫಸಾಬ: ಎಷ್ಟು ಮಂದಿ ಅದೀರಿ?

ಅಮೀರಬಿ: ಏಳು.

ಯೂಸುಫಸಾಬ: ಚಲೋ ಆತು, ಲಗೂ ಮುಗೀತೈತಿ.

ಏಳು ಮಂದಿ ಯಾರು ಯಾರು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅಮೀರಬಿ ಹೇಳುತ್ತಿದ್ದಳು. ಅವಳು ಗಂಡನಿಗೆ ಎಂದೂ ಸುಳ್ಳು ಹೇಳಿದವಳಲ್ಲ.

ಗುರುವಾರ ಹನ್ನೊಂದಕ್ಕೆ ಓಣಿಯ ತುದಿಯಲ್ಲಿ ಒಂದು ಕಾರು ನಿಂತಿತು. ಹುಬ್ಬಳ್ಳಿಯಿಂದ ಬಂದ ಪಕ್ಷದ ವೀಕ್ಷಕಿ ಇಳಿದರು. ಶನಿವಾರ ಅವರ ಸ್ವಂತ ಮಗಳನ್ನು ನೋಡಲು ವರನ ಕಡೆಯವರು ಬರುವವರಿದ್ದರು, ಹೋಳಿಗೆ ಅವರೇ ಮಾಡಬೇಕಿತ್ತು. ಅದಕ್ಕೇ ಕೆಲಸ ಎರಡು ದಿನ ಮುಂಚೆ ಮುಗಿಸಲು ಹೊರಟಿದ್ದರು. ಕೈಯಲ್ಲಿ ಮೆಂಬರುಗಳ ಪಟ್ಟಿ, ಎದುರಿಗೆ ಹದಿಮೂರು ನಂಬರು. ನಿನ್ನೆಯಿಂದ ಹದಿಮೂರೂ ಬಂದ್. ಕರಬಸಪ್ಪನದೂ ಬಂದ್. ಕೊನೆಗೆ ಪಟ್ಟಿಯಲ್ಲಿ ಮೊದಲಿದ್ದ ಹೆಸರಿನ ವಿಳಾಸ ಹುಡುಕಿಕೊಂಡು ಬಂದಿದ್ದರು.

ವೀಕ್ಷಕಿ: ಅಮೀರಬಿ ಯಾರು? (ಘಾಟಿಗೆ ಒಂದು ಸೀನು ಸೀನಿದರು.)

ಅಮೀರಬಿ: ನಾನರಿ.

ವೀಕ್ಷಕಿ: ಈ ನಂಬರು ನಿಮ್ಮದಲ್ಲೇನು?

ಅಮೀರಬಿ: ನಮ್ಮ ಮನಿಯವರದು.

ವೀಕ್ಷಕಿ: ನೀವು ಮೆಂಬರೋ, ಅವರು ಮೆಂಬರೋ?

ಅಮೀರಬಿ: ನಾ ಮೆಂಬರು. ಅವರು ನಂಬರು.

ವೀಕ್ಷಕಿ: (ಇನ್ನೊಂದು ಸೀನು.) ಅವರೆಲ್ಲಿ ಅದಾರ?

ಅಮೀರಬಿ: ಗೋವಾದಾಗ ಅಂತ ಹೇಳಬೇಕಂತ ಹೇಳ್ಯಾರ್ರಿ.

ವೀಕ್ಷಕಿ: ಅಯ್ಯ ನನ ಕರ್ಮ! ಉಳದ ಮೆಂಬರನ್ನ ನಾ ಎಲ್ಲಿ ಹುಡುಕಲಿ?

ಅಮೀರಬಿ ರಾಶಿಯ ಕಡೆ ಕೈ ತೋರಿಸಿದಳು. ಸುತ್ತಲೂ ಎಂಟು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಕೂತಿದ್ದರು. ವೀಕ್ಷಕಿ ಎಣಿಸಿದರು. ಅಮೀರಬಿಯೂ ಸೇರಿ ಒಂಬತ್ತು. ಹದಿಮೂರರಲ್ಲಿ ಒಂಬತ್ತು ಎಂದರೆ ಅರ್ಧಕ್ಕಿಂತ ಹೆಚ್ಚು. ಅವರು ತಡಮಾಡಲಿಲ್ಲ. ನೋಟ್‌ಬುಕ್ಕಿನ ಹಾಳೆ ಹರಿದು ಹಂಚಿದರು. ಮತಪೆಟ್ಟಿಗೆಗೆ ಅಮೀರಬಿಯ ಖಾಲಿ ಖಾರದ ಪುಡಿಯ ಡಬ್ಬಿ ಬಂತು. ಎಣಿಕೆ ಮುಗಿಯುವವರೆಗೆ ವೀಕ್ಷಕಿ ಹನ್ನೊಂದು ಸಲ ಸೀನಿದರು.

ಎಂಟು ಚೀಟಿ ಅಮೀರಬಿಗೆ. ಒಂದು ಚೀಟಿ ಮಂಗಳವ್ವನಿಗೆ. ಎಲ್ಲರೂ ಮಂಗಳವ್ವನನ್ನು ನೋಡಿದರು.

ಮಂಗಳವ್ವ: ನನ್ನ ಯಾಕ ನೋಡತೀರಿ? ನನ್ನ ಮಂಡಿ ಆಣಿ, ನಾ ಹಾಕಿದ್ದು ಅಮೀರಬಿಗೆ!

ಅಮೀರಬಿ ತಲೆ ತಗ್ಗಿಸಿ ಬಹಳ ಶ್ರದ್ಧೆಯಿಂದ ಒಂದು ತೊಟ್ಟು ಮುರಿದಳು.

ಮಂಗಳವ್ವ: ನೀನೇನ? ಹುಚ್ಚಿ! ಇಷ್ಟು ಕಷ್ಟಪಟ್ಟು ನಾ ತಪ್ಪಿಸಿಕೊಂಡ್ರ...

ಅಮೀರಬಿ: ನಿಮ್ಮ ಖಾರಾ ತಿಂದಿದ್ದೆ ಅಕ್ಕಾ. ಋಣ ಇಟಗೋಬಾರದು.

ವೀಕ್ಷಕಿ ಕಾಗದಕ್ಕೆ ಸಹಿ ಹಾಕಿ, ಮೇಲಿನ ಕಚೇರಿಗೆ ಫೋನು ಮಾಡಿ ಹೆಸರು ಹೇಳಿ, ಕಣ್ಣೊರೆಸಿಕೊಳ್ಳುತ್ತ ಕಾರು ಹತ್ತಿದರು. ನೋಡಿದವರು ಅವರು ಭಾವುಕರಾಗಿದ್ದಾರೆ ಎಂದುಕೊಂಡರು.

ಮಧ್ಯಾಹ್ನ ಮೂರಕ್ಕೆ ಅಮೀರಬಿಯ ಫೋನು ಹೊಡೆದುಕೊಂಡಿತು. ಹೊಸ ನಂಬರು. ಹೆಂಗಸರೆಲ್ಲ ಇನ್ನೂ ಅಲ್ಲೇ ಇದ್ದರು.

ಕರಬಸಪ್ಪ: ಯಾರು, ಯೂಸುಫಸಾಬನ ಮನಿಯಾಕಿ ಏನು?

ಅಮೀರಬಿ: ಅಮೀರಬಿ.

ಕರಬಸಪ್ಪ: ಏನ ನಡಿಸೀರಿ ಅಲ್ಲಿ? ಈಗರ ಫೋನು ಚಾಲೂ ಮಾಡಿದೆ, ಇಪ್ಪತ್ತೆರಡು ಮೆಸೇಜು! ಎದುರು ಪಕ್ಷದವರು ಸುಳ್ಳ ಸುದ್ದಿ ಹಬ್ಬಿಸ್ಯಾರೋ ಏನೋ. ನಮ್ಮ ಮೆಂಬರು ಹದಿಮೂರೂ ಮಂದಿ ನನ್ನ ಕಣ್ಣ ಮುಂದ ಹೊಂಡದಾಗ ಅದಾರ. ನೀವು ಚೀಟಿ ಹಾಕೀರಿ ಅಂದ್ರ ಹೆಂಗ?

ಅಮೀರಬಿ: ಮೆಂಬರು ಒಂಬತ್ತು ಮಂದಿ ನನ್ನ ಕಣ್ಣ ಮುಂದ ಅಂಗಳದಾಗ ಅದಾರ.

ಕರಬಸಪ್ಪ: ಮೂರು ದಿನದಿಂದ ಹದಿಮೂರು ತಲಿ ನಿದ್ದಿಗೆಟ್ಟು ಕಾದೇನಿ ನಾ!

ಅಮೀರಬಿ: ಚಲೋ ಕಾದೀರಿ. ಒಬ್ಬರೂ ತಪ್ಪಿಸಿಕೊಂಡು ಊರಿಗೆ ಬರಲಿಲ್ಲ. ಅದರಿಂದಾನ ಆತು.

ಕರಬಸಪ್ಪ ಇಪ್ಪತ್ತು ವರ್ಷ ಪಕ್ಷದಲ್ಲಿ ಇದ್ದವನು. ಮೇಲಿನ ಕಚೇರಿಯಿಂದ ಒಂದು ಹೆಸರು ಬಂದರೆ ನಾಲಿಗೆಯನ್ನು ಎಷ್ಟು ಬೇಗ ಮಗುಚಬೇಕು ಎಂಬುದು ಅವನಿಗೆ ಗೊತ್ತಿತ್ತು.

ಕರಬಸಪ್ಪ: ನಾ ಮೊದಲಿಂದಾನೂ ಹೇಳತಿದ್ದೆ ಅಕ್ಕಾರ. ದುಡಿಯೋ ಹೆಣಮಗಳು ಬರಬೇಕು ಅಂತ. ಈಗ ಎಲ್ಲಾರನೂ ಗಾಡಿ ಹತ್ತಿಸಿಕೊಂಡು ಹಾರ ತಗೊಂಡು ಬಂದಬಿಡತೇನ್ರಿ. ರಾಣೇಬೆನ್ನೂರಾಗ ಹಾರ ಚಲೋ ಸಿಗತಾವ.

ಅಮೀರಬಿ ಫೋನಿನ ಬಾಯಿ ಮುಚ್ಚಿ ಹೆಂಗಸರ ಕಡೆ ನೋಡಿದಳು. 'ಎಲ್ಲಾರನೂ ಕರಕೊಂಡು ಬರತಾನಂತ, ಈಗ' ಎಂದಳು. ಎಂಟು ಮುಖಗಳು ಒಮ್ಮೆಲೇ ಬಾಡಿದವು. ನಸ್ರೀನ್ ಎರಡೂ ಕೈ ಅಲ್ಲಾಡಿಸಿದಳು. ಮಂಗಳವ್ವ ಮಂಡಿ ತೋರಿಸಿದಳು.

ಅಮೀರಬಿ: ಕರಬಸಪ್ಪನವರ, ಹಂಗ ಮಾಡಬ್ಯಾಡ್ರಿ. ಸೋಮವಾರ ಮುಂಜಾನೆ ಓಟು ಇದ್ದ ನಾಕು ಮಂದೀನ ಅಷ್ಟ ಕರಕೊಂಡು ಬರ್ರಿ. ಉಳದ ಒಂಬತ್ತು ಮಂದಿ ಅಲ್ಲೇ ಇರಲಿ. ಎದುರು ಪಕ್ಷದವರು ಹಾರಿಸಿಕೊಂಡು ಹೋದಾರು.

ಕರಬಸಪ್ಪ: ಅವರನ್ನ ಹಾರಿಸಿ ಏನು ಮಾಡತಾರ್ರಿ? ಅವರಿಗೆ ಓಟ ಇಲ್ಲಲ್ಲ!

ಅಮೀರಬಿ: ಹೋದ ಸೋಮವಾರ ನೀವು ಅವರನ್ನ ಗಾಡಿ ಹತ್ತಿಸೋ ಮುಂದ ಇತ್ತೇನು?

ಅಷ್ಟರಲ್ಲಿ ಕರಬಸಪ್ಪನ ಕೈಯಿಂದ ಯೂಸುಫಸಾಬ ಫೋನು ಕಸಿದುಕೊಂಡ.

ಯೂಸುಫಸಾಬ: ಅಮೀರಾ! ಏನಿದು ಕೇಳಾಕತ್ತೇನಿ? ನನ್ನ ಹೇಣ್ತಿ ಅಧ್ಯಕ್ಷರು, ನಾ ಇಲ್ಲಿ! ಹನುಮಪ್ಪ, ಮುನಾಫ ಇಬ್ಬರೂ ನನ್ನ ಕೂಡ ಮಾತು ಬಿಟ್ಟಾರ. ತಾಟಿನ್ಯಾಗ ಬರೇ ಸಾರು ಹಾಕ್ಯಾರ.

ಅಮೀರಬಿ: ಗುಳಗಿ ತಗೊಂಡೀರಿಲ್ಲೋ?

ಯೂಸುಫಸಾಬ: ಗುಳಗಿ ಬಿಡು! ಅಲ್ಲಾಬಕ್ಷ ಯಾವುದೋ ಮದುವಿ ಅಡಿಗಿ ಐತಿ ಅಂತ ಈಗ ಹೋದ. ಇಲ್ಲಿ ಹದಿಮೂರು ಮಂದಿ ಊಟದ ಮ್ಯಾಲೆ ಚಾ ಇಲ್ಲದ ಕುಂತೇವಿ. ಚಾ ಯಾರು ಮಾಡಬೇಕು?

ಅಮೀರಬಿ: ನೀವ ಮಾಡ್ರಿ.

ಯೂಸುಫಸಾಬ: ನಾ? ಚಾ ಮಾಡಾಕಿ ನೀ!

ಅಮೀರಬಿ: ನೀವು ಮಾಡಿದ್ರೇನು, ನಾ ಮಾಡಿದ್ರೇನು? ಒಂದ ಅಲ್ಲೇನು?

ಅಂಗಳದ ನಗೆ ಈ ಸಲ ಐರಣಿಯವರೆಗೆ ಕೇಳಿಸಿತು. ಯೂಸುಫಸಾಬನ ದನಿ ಮೆತ್ತಗಾಯಿತು.

ಯೂಸುಫಸಾಬ: ಆತು, ಚಾ ಹೆಂಗರ ಮಾಡಕೋತೇವಿ. ನಮ್ಮ ಗಾಡಿ ಯಾವತ್ತು ಬರತೈತಿ, ಅದನ್ನರ ಹೇಳಿಸು. ಎಷ್ಟೊತ್ತಿಗೆ ಅಂತ ಹಿಂದಿನ ದಿನ ಒಂದು ಮಾತು ತಿಳಿಸಬೇಕಿಲ್ಲೇನು? ದಿನಾ ಚೀಲ ಹಿಡಕೊಂಡು ಬಾಗಿಲದಾಗ ಕಾಯ್ಕೋಂತ ಕುಂದರಾಕ ಆಗತೈತೇನು?

ಅಮೀರಬಿ ಕೈಯಲ್ಲಿದ್ದ ಕೊನೆಯ ಕಾಯಿಯ ತೊಟ್ಟು ಬಿಡಿಸಿ ರಾಶಿಗೆ ಎಸೆದಳು. ಹದಿನಾಲ್ಕು ಸಭೆಗಳಲ್ಲಿ ಕೇಳಿಸಿಕೊಂಡ ಮಾತು. ಒಂದಕ್ಷರ ಹುಡುಕಬೇಕಾಗಿರಲಿಲ್ಲ.

ಅಮೀರಬಿ: ಗಾಡಿ ಬಂದಾಗ ಬರತೈತಿ. ನೀವು ಅಲ್ಲೇ ಇರತೀರಲ್ಲ, ಹತ್ತಿ ಬರ್ರಿ. ಇದಕ್ಕೂ ಠರಾವು ಬೇಕೇನು?